ಹೈಡ್ರೋಜನ್ ಬಂಧದ ಲೆಕ್ಕ ಹಿಡಿದು ಹೊರಟ ಜಿ.ಎನ್. ರಾಮಚಂದ್ರನ್

ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1942ರಲ್ಲಿ ಯುವಕನೊಬ್ಬ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬಂದ. 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದ್ದ ಆತನ ಹೆಸರು ಜಿ.ಎನ್. ರಾಮಚಂದ್ರನ್. ಆತನ ಬುದ್ಧಿಶಕ್ತಿಯನ್ನು ಕಂಡ ಸರ್ ಸಿ.ವಿ. ರಾಮನ್, ಹಟ ಹಿಡಿದು ಭೌತಶಾಸ್ತ್ರ ವಿಭಾಗಕ್ಕೆ ಸೆಳೆದುಕೊಂಡರೆಂಬುದು ಸಂಸ್ಥೆಯಲ್ಲಿ ಚಿರಪರಿಚಿತ ಕಥೆ.

ಕ್ಷ-ಕಿರಣಗಳ ನೆರವಿನಿಂದ ಸ್ಫಟಿಕಗಳ ಒಳರಚನೆಯನ್ನು ಓದುವ ವಿದ್ಯೆಯನ್ನು ಅವರು ಬೆಂಗಳೂರಿನಲ್ಲಿ ಅರಗಿಸಿಕೊಂಡರು; 1947ರಿಂದ 1949ರವರೆಗೆ ಕೇಂಬ್ರಿಜ್‌ನಲ್ಲಿ ಅದನ್ನು ಬೆಳೆಸಿಕೊಂಡರು. 1952ರಲ್ಲಿ, ಮೂವತ್ತರ ಹೊಸ್ತಿಲಲ್ಲೇ, ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್, ಚರ್ಮ ಮತ್ತು ಮೂಳೆಗಳ ಪ್ರೋಟೀನಾದ ಕೊಲಾಜೆನ್‌ನ ರಚನೆ ಇನ್ನೂ ಬಿಡಿಸದ ಒಗಟು ಎಂದು ತಿಳಿಸಿದರು.

ಕಾಂಗರೂ ಬಾಲದ ಸ್ನಾಯುರಜ್ಜುವಿನ ಕ್ಷ-ಕಿರಣ ಚಿತ್ರಗಳನ್ನು ಮುಂದಿಟ್ಟುಕೊಂಡು ರಾಮಚಂದ್ರನ್ ಮತ್ತು ಸಹೋದ್ಯೋಗಿ ಗೋಪಿನಾಥ್ ಕರ್ತಾ ಒಗಟನ್ನು ಬಿಡಿಸಿದರು. ಮೂರು ಎಳೆಗಳು ಜಡೆಯಂತೆ ಹೆಣೆದ ಸುರುಳಿಯ ಮಾದರಿ 1954 ಮತ್ತು 1955ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಳೆಗಳನ್ನು ಜೋಡಿಸಿ ಹಿಡಿಯುವುದು ಹೈಡ್ರೋಜನ್ ಬಂಧ. ಒಂದು ಅಣುವಿನ ಹೈಡ್ರೋಜನ್, ಪಕ್ಕದ ಅಣುವಿನ ಆಮ್ಲಜನಕ ಅಥವಾ ಸಾರಜನಕದತ್ತ ವಾಲುವ ನಂಟು ಅದು. ಇಂದು ಔಷಧ ವಿಜ್ಞಾನಿಗಳು ಸಿದ್ಧಪಡಿಸುವ ಸಹಸ್ಫಟಿಕಗಳಲ್ಲೂ ಎರಡು ಬೇರೆ ಬೇರೆ ಅಣುಗಳನ್ನು ಒಂದೇ ಹರಳಿನಲ್ಲಿ ಕೂಡಿಸುವುದು ಬಹುತೇಕ ಇದೇ ಬಂಧ. ತೇವ ಹೀರಿಕೊಳ್ಳುವ ಕೆಫೀನನ್ನು ಆಕ್ಸಾಲಿಕ್ ಆಮ್ಲದೊಡನೆ ಹೀಗೆ ಬೆಸೆದಾಗ ಆ ಹರಳು ಆರ್ದ್ರತೆಗೆ ಜಗ್ಗಲಿಲ್ಲವೆಂದು 2005ರಲ್ಲಿ ಕೇಂಬ್ರಿಜ್ ಸಂಶೋಧಕರು ತೋರಿಸಿದ್ದರು. ಬಂಧ ಎಲ್ಲಿದೆ, ಹೈಡ್ರೋಜನ್ ಯಾವ ಅಣುವಿನ ಬಳಿ ಉಳಿದಿದೆ ಎಂಬುದನ್ನು ಪರಮಾಣುಗಳ ನಡುವಿನ ಅಂತರ ಅಳೆದೇ ಹೇಳಬೇಕು.

ರಾಮಚಂದ್ರನ್ ಸಂಕಟಕ್ಕೆ ಸಿಲುಕಿದ್ದೂ ಈ ಅಳತೆಯಲ್ಲೇ. ಮೂರು ಅಮೈನೋ ಆಮ್ಲಗಳಿಗೆ ಎರಡು ಬಂಧಗಳೆಂದು ಅವರು ಎಣಿಸಿದ್ದರು. ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ 1955ರಲ್ಲಿ ಅದನ್ನು ಒಪ್ಪಲಿಲ್ಲ. ಬಂಧ ಒಂದೇ, ಮದರಾಸಿನ ಮಾದರಿಯಲ್ಲಿ ಪರಮಾಣುಗಳು ಮಿತಿಮೀರಿ ಹತ್ತಿರ ಬಂದಿವೆ ಎಂಬುದು ಅವರ ವಾದ. ಕೊಲಾಜೆನ್ ರಚನೆಯ ಕೀರ್ತಿಯೂ ಅಲ್ಲಿಂದ ಹಂಚಿಹೋಯಿತು.

ಬೇರೆಯವರಾಗಿದ್ದರೆ ಪತ್ರ ಬರೆದು ಜಗಳವಾಡುತ್ತಿದ್ದರೇನೋ. ರಾಮಚಂದ್ರನ್ ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನು ತಡಕಿ, ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವೆಂದು ಪಟ್ಟಿ ಮಾಡಿಸಿದರು. ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಜೊತೆ ಸೇರಿ ಆ ಮಿತಿಗಳನ್ನು ಪ್ರೋಟೀನ್ ಸರಪಳಿಯ ಎರಡು ತಿರುವುಗಳಿಗೆ ಅನ್ವಯಿಸಿದಾಗ, ಸಾಧ್ಯವಾದ ಭಂಗಿಗಳಾವುವು, ಅಸಾಧ್ಯವಾದವು ಯಾವುವು ಎಂಬುದು ಒಂದೇ ನಕ್ಷೆಯಲ್ಲಿ ಮೂಡಿತು. 1963ರಲ್ಲಿ ಪ್ರಕಟವಾದ ಅದೇ 'ರಾಮಚಂದ್ರನ್ ನಕ್ಷೆ'. ಇಂದು ಯಾವ ಪ್ರಯೋಗಾಲಯದಲ್ಲೇ ಪ್ರೋಟೀನ್ ರಚನೆ ಸಿದ್ಧವಾಗಲಿ, ಅದನ್ನು ಒರೆಗೆ ಹಚ್ಚುವುದು ಈ ನಕ್ಷೆಗೇ.

1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿದ ಅವರು, ತಾವು ಕಲಿತ ಸಂಸ್ಥೆಯಲ್ಲೇ ಅಣುಜೈವಿಕ ಭೌತಶಾಸ್ತ್ರ ಘಟಕವನ್ನು ಕಟ್ಟಿದರು. 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ನೊಬೆಲ್ ಬರಲಿಲ್ಲ.

ಹಳೆಯ ವಾದಕ್ಕೆ ಉತ್ತರ ದೊರೆತದ್ದು 1994ರಲ್ಲಿ, ಅಮೆರಿಕದ ಸಂಶೋಧಕರು ಕೊಲಾಜೆನ್ ಮಾದರಿಯ ಪೆಪ್ಟೈಡನ್ನು ಹರಳುಗಟ್ಟಿಸಿ ನೋಡಿದಾಗ. ನೇರ ಬಂಧ ಒಂದೇ ಇತ್ತು. ಆ ಲೆಕ್ಕದಲ್ಲಿ ಗೆದ್ದವರು ಕ್ರಿಕ್ ಮತ್ತು ರಿಚ್. ಆದರೆ ಮೂರೆಳೆಯ ಸುರುಳಿ ಹಾಗೆಯೇ ಇತ್ತು. ಎಳೆಗಳ ನಡುವೆ ನೀರಿನ ಅಣುಗಳು ಸೇತುವೆಯಂತೆ ನಿಂತಿದ್ದವು. ನೀರಿನ ಮೂಲಕ ಬಂಧ ಏರ್ಪಡಬಹುದೆಂದು ರಾಮಚಂದ್ರನ್ 1968ರಲ್ಲೇ ಬರೆದಿದ್ದರು.

ಆ ವೇಳೆಗೆ ಅವರನ್ನು ಪಾರ್ಕಿನ್ಸನ್ ಕಾಯಿಲೆ ಆವರಿಸಿತ್ತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. ಮರುವರ್ಷ ಅಂತರರಾಷ್ಟ್ರೀಯ ಸ್ಫಟಿಕಶಾಸ್ತ್ರ ಒಕ್ಕೂಟದ ಇವಾಲ್ಡ್ ಪ್ರಶಸ್ತಿ ಸಂದಿತು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ, 78ನೇ ವಯಸ್ಸಿನಲ್ಲಿ ರಾಮಚಂದ್ರನ್ ನಿಧನರಾದರು.