ನೆಟ್ಟಗೆ ನಿಲ್ಲುವ ವಿದ್ಯೆ: ತಿರುಮಲೈ ಕೃಷ್ಣಮಾಚಾರ್ಯರ ನೂರು ವರ್ಷ

ಬೆಳಿಗ್ಗೆ ಆರು ಗಂಟೆಗೆ ವಿಲ್ಸನ್ ಗಾರ್ಡನ್ ಕ್ರಾಸ್‌ಗಳಲ್ಲಿ ಒಂದು ಸುತ್ತು ಹಾಕಿದರೆ ಎಲ್ಲೋ ಒಂದು ಮನೆಯ ಮಹಡಿ ಮೇಲೆ ಯೋಗ ಕ್ಲಾಸ್ ನಡೀತಾ ಇರುತ್ತೆ. ರಿಟೈರ್ ಆದ ಅಂಕಲ್‌ಗಳು, ಆಂಟಿಯರು, ಐಟಿ ಕಂಪನಿಗೆ ಹೋಗೋರು ಎಲ್ಲರೂ ಒಂದು ಕಾಲಿನ ಮೇಲೆ ನಿಂತು ತೂಗಾಡ್ತಿರ್ತಾರೆ. ಇದೆಲ್ಲ ಋಷಿಮುನಿಗಳ ಕಾಲದಿಂದ ಹೀಗೇ ನಡೆದುಬಂದಿದೆ ಅಂತ ನಾವು ಸುಮ್ಮನೆ ನಂಬಿದ್ದೀವಿ. ಯೋಗ ಹಳೆಯದು, ನಿಜ. ಆದರೆ ಎದ್ದು ನಿಂತು, ಉಸಿರಿನ ಲೆಕ್ಕ ಹಿಡಿದು, ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ ಈ ಕ್ಲಾಸ್ ಇದೆಯಲ್ಲ, ಅದರ ಬಹುಪಾಲು ರೂಪ ಪಡೆದದ್ದು 1930ರ ದಶಕದ ಮೈಸೂರಿನಲ್ಲಿ. ರೂಪ ಕೊಟ್ಟವರು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯ.

ಅವರು ಹುಟ್ಟಿದ್ದು 18 ನವೆಂಬರ್ 1888ರಂದು, ಮುಚುಕುಂದಪುರ ಅನ್ನುವ ಊರಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯರು ವೇದ ಬಲ್ಲವರು. ಮಗನಿಗೆ ಸಂಸ್ಕೃತದ ಜೊತೆಗೆ ಮೊದಲ ಆಸನಗಳನ್ನೂ ಅವರೇ ಹೇಳಿಕೊಟ್ಟರು. ಹುಡುಗನಿಗೆ ಹತ್ತು ವರ್ಷ ಆಗುವಷ್ಟರಲ್ಲಿ ತಂದೆ ತೀರಿಕೊಂಡರು. ಸಂಸಾರ ಮೈಸೂರಿಗೆ ಬಂತು. ಅಲ್ಲಿ ಪರಕಾಲ ಮಠದಲ್ಲಿ ಓದು ಮುಂದುವರಿಯಿತು, ಆಮೇಲೆ ಕಾಶಿಗೆ ಹೋದರು. ತರ್ಕ, ಮೀಮಾಂಸೆ, ವೇದಾಂತ, ಆಯುರ್ವೇದ ಅಂತ ಒಂದಾದ ಮೇಲೆ ಒಂದು ಓದುತ್ತಲೇ ಹೋದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ನಾಲ್ಕೈದು ಡಿಗ್ರಿ.

ಓದು ಮುಗಿದ ಮೇಲೆ ಹಿಮಾಲಯ ದಾಟಿ ಮಾನಸಸರೋವರದ ಕಡೆ ಹೋಗಿ, ರಾಮಮೋಹನ ಬ್ರಹ್ಮಚಾರಿ ಅನ್ನುವ ಗುರುಗಳ ಹತ್ತಿರ ಏಳೂವರೆ ವರ್ಷ ಯೋಗ ಕಲಿತೆ ಅಂತ ಅವರೇ ಶಿಷ್ಯರಿಗೆ ಹೇಳುತ್ತಿದ್ದರು. ಗುರುಗಳು ಕೇಳಿದ ದಕ್ಷಿಣೆ ದುಡ್ಡಲ್ಲ. ಊರಿಗೆ ಹೋಗು, ಮದುವೆಯಾಗು, ಸಂಸಾರದಲ್ಲಿದ್ದುಕೊಂಡೇ ಯೋಗ ಕಲಿಸು, ಅಷ್ಟೇ. ಇಷ್ಟೆಲ್ಲ ಓದಿದವರಿಗೆ ಯಾವುದಾದರೂ ಸಂಸ್ಥಾನದಲ್ಲಿ ದೊಡ್ಡ ಪಂಡಿತರಾಗೋದು ಕಷ್ಟವಿರಲಿಲ್ಲ. ಆದರೆ ಆ ಕಾಲದಲ್ಲಿ ಯೋಗ ಕಲಿಸ್ತೀನಿ ಅಂದರೆ ಯಾರು ಸಂಬಳ ಕೊಡ್ತಾರೆ? 1925ರಲ್ಲಿ ಬೆಳ್ಳೂರಿನ ನಾಮಗಿರಿಯಮ್ಮನವರ ಜೊತೆ ಮದುವೆಯಾಯಿತು. ಹೊಟ್ಟೆಪಾಡಿಗೆ ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದರು. ವಾರವೆಲ್ಲ ತೋಟದ ಕೆಲಸ, ಬಿಡುವು ಸಿಕ್ಕಾಗ ಊರೂರಲ್ಲಿ ಯೋಗದ ಪ್ರದರ್ಶನ. 1927ರಲ್ಲಿ ಹಾಸನದಲ್ಲಿ ನಡೆದ ಅಂಥ ಒಂದು ಪ್ರದರ್ಶನ ನೋಡಿ ಪಕ್ಕದ ಕೌಶಿಕ ಗ್ರಾಮದ ಒಬ್ಬ ಹುಡುಗ ಅವರ ಬೆನ್ನು ಹತ್ತಿದ. ಮುಂದೆ ಮೈಸೂರಿನ ಅಷ್ಟಾಂಗ ಯೋಗವನ್ನು ಜಗತ್ತಿಗೆ ತೋರಿಸಿದ ಪಟ್ಟಾಭಿ ಜೋಯಿಸ್ ಇವರೇ.

ಕೊನೆಗೆ ದಾರಿ ತೆರೆದದ್ದು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಂದ. ಕನ್ನಂಬಾಡಿ ಅಣೆಕಟ್ಟೆ, ಮೈಸೂರು ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಲ್ಲ ಅವರ ಕಾಲದ್ದೇ ಅಂತ ನಮಗೆ ಗೊತ್ತು. ಅದೇ ಮಹಾರಾಜರು 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗವನ್ನು ಯೋಗಶಾಲೆಗೆ ಬಿಟ್ಟುಕೊಟ್ಟರು. 1934ರಲ್ಲಿ ಕೃಷ್ಣಮಾಚಾರ್ಯರು ಯೋಗ ಮಕರಂದ ಅನ್ನುವ ಪುಸ್ತಕ ಬರೆದರು, 1941ರಲ್ಲಿ ಯೋಗಾಸನಗಳು. ಎರಡೂ ಕನ್ನಡ ಪುಸ್ತಕಗಳು. ಇವತ್ತು ನ್ಯೂಯಾರ್ಕಿನಲ್ಲಿ ಯಾರೋ ಡಾಲರ್ ಕೊಟ್ಟು ಕಲಿಯುವ ಪಾಠದ ಬೇರು ಕನ್ನಡದ ಎರಡು ಪುಸ್ತಕಗಳಲ್ಲಿದೆ ಅನ್ನೋದು ನಮ್ಮ ಕನ್ನಡ ಸಂಘದವರಿಗಾದರೂ ಗೊತ್ತಿರಬೇಕು.

ಆ ಶಾಲೆಯಲ್ಲಿ ಏನು ಕಲಿಸುತ್ತಿದ್ದರು ಅಂತ ಅರ್ಥವಾಗಬೇಕಾದರೆ ಸ್ವಲ್ಪ ನಮ್ಮ ಸಿಲಬಸ್ ಕಡೆ ಬರಬೇಕು. ನೆಟ್ಟಗೆ ನಿಂತ ಮನುಷ್ಯ ಅಂದರೆ ತಲೆಕೆಳಗಾದ ಲೋಲಕ, ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದ ಇನ್ವರ್ಟೆಡ್ ಪೆಂಡುಲಮ್. ಬುಡ ಎರಡು ಪಾದದಷ್ಟೇ, ಭಾರದ ಕೇಂದ್ರ ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ. ಹಾಗೇ ಬಿಟ್ಟರೆ ಬೀಳಲೇಬೇಕು. ಆ ಕೇಂದ್ರದಿಂದ ನೇರ ಕೆಳಗೆ ಗೆರೆ ಎಳೆದರೆ ಅದು ಕಣಕಾಲಿನ ಗಂಟಿಗಿಂತ ಸ್ವಲ್ಪ ಮುಂದೆ ಬೀಳುತ್ತೆ. ಹಾಗಾಗಿ ಮೈ ಯಾವಾಗಲೂ ಮುಂದಕ್ಕೆ ವಾಲುತ್ತಿರುತ್ತೆ, ಮೀನಖಂಡದ ಸ್ನಾಯುಗಳು ಹಿಂದಕ್ಕೆ ಎಳೆಯುತ್ತಿರುತ್ತವೆ. ಸುಮ್ಮನೆ ನಿಂತಿದ್ದೀನಿ ಅಂತ ನಾವು ಹೇಳ್ತೀವಲ್ಲ, ಅದು ಸುಳ್ಳು. ಯಾರೂ ಸುಮ್ಮನೆ ನಿಂತಿರೋದಿಲ್ಲ. ಬೀಳೋದು, ತಡೆಯೋದು, ಮತ್ತೆ ಬೀಳೋದು, ಮತ್ತೆ ತಡೆಯೋದು, ಇದೇ ನಡೀತಿರುತ್ತೆ. ಫೋರ್ಸ್ ಪ್ಲೇಟ್ ಮೇಲೆ ನಿಂತರೆ ಆ ತೂಗಾಟ ಗ್ರಾಫ್‌ನಲ್ಲಿ ಕಾಣುತ್ತೆ.

ಈ ಕೆಲಸಕ್ಕೆ ದೇಹದಲ್ಲಿ ಮೂರು ಬಗೆಯ ಸೆನ್ಸರ್ ಇವೆ. ಒಂದು ಕಣ್ಣು. ಎರಡನೆಯದು ಒಳಕಿವಿ. ಅಲ್ಲಿ ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿರುವ ಮೂರು ಅರ್ಧವೃತ್ತ ನಾಳಗಳಿವೆ. ತಲೆ ಯಾವ ಕಡೆ ತಿರುಗಿದರೂ ಒಳಗಿನ ದ್ರವ ಹೇಳಿಬಿಡುತ್ತೆ, ನಮ್ಮ ಫೋನಿನ ಗೈರೋಸ್ಕೋಪ್ ತರಹ. ಅದರ ಪಕ್ಕದಲ್ಲೇ ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ಅವು ಅಕ್ಸೆಲರೋಮೀಟರ್ ಕೆಲಸ ಮಾಡುತ್ತವೆ, ಭೂಮಿ ಯಾವ ಕಡೆ ಎಳೀತಿದೆ ಅಂತ ಹೇಳುತ್ತವೆ. ಮೂರನೆಯದು ಸ್ನಾಯು, ಕೀಲು, ಅಂಗಾಲುಗಳಲ್ಲಿರುವ ಸಾವಿರಾರು ನರತುದಿಗಳು. ಕಣ್ಣು ಮುಚ್ಚಿದ್ದರೂ ನಮ್ಮ ಮಂಡಿ ಎಷ್ಟು ಬಗ್ಗಿದೆ ಅಂತ ಗೊತ್ತಾಗೋದು ಇವುಗಳಿಂದಲೇ. ಈ ಮೂರೂ ಕಡೆಯ ಸುದ್ದಿಯನ್ನು ಮೆದುಳುಕಾಂಡ ಮತ್ತು ಕಿರುಮೆದುಳು ಸೇರಿಸಿ, ಯಾವ ಸ್ನಾಯುವಿಗೆ ಎಷ್ಟು ಕರೆಂಟು ಅಂತ ತೀರ್ಮಾನ ಮಾಡುತ್ತವೆ. ಸಿಗ್ನಲ್ ಹೋಗಿ ಬರೋಕೆ ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಲೂಪ್‌ನಲ್ಲಿ ಇಷ್ಟು ಡಿಲೇ ಇದ್ದರೆ ಸಿಸ್ಟಮ್ ಹೇಗೆ ಒದ್ದಾಡುತ್ತೆ ಅಂತ ಲ್ಯಾಬ್ ಮಾಡಿದವರಿಗೆ ಹೇಳಬೇಕಿಲ್ಲ. ಅದಕ್ಕೇ ಮೆದುಳು ಬಿದ್ದಮೇಲೆ ಸರಿಮಾಡೋದಲ್ಲ, ಮೊದಲೇ ಊಹೆ ಮಾಡುತ್ತೆ. ಆ ಊಹೆಯನ್ನು ಅಭ್ಯಾಸದಿಂದ ಹದ ಮಾಡಬಹುದು. ಹೊಸೂರು ರಸ್ತೆಯ ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿಯುವ ಕಂಡಕ್ಟರ್ ಅದಕ್ಕೆ ಸಾಕ್ಷಿ.

ಈಗ ಮೈಸೂರಿನ ಶಾಲೆಗೆ ವಾಪಸ್ ಬನ್ನಿ. ಎರಡು ಕಾಲಿನಿಂದ ಒಂದು ಕಾಲಿಗೆ ಬಂದರೆ ಬುಡ ಚಿಕ್ಕದಾಗುತ್ತೆ, ಕಂಟ್ರೋಲರ್‌ಗೆ ಕೆಲಸ ಹೆಚ್ಚಾಗುತ್ತೆ. ನೋಟವನ್ನು ಒಂದು ಕಡೆ ನಿಲ್ಲಿಸಿದರೆ ಕಣ್ಣಿನ ಸುದ್ದಿ ಸ್ಥಿರವಾಗುತ್ತೆ. ಶೀರ್ಷಾಸನದಲ್ಲಿ ಒಳಕಿವಿಯ ಲೆಕ್ಕ ಪೂರ್ತಿ ಉಲ್ಟಾ, ಅಂಗಾಲಿನ ಸುದ್ದಿ ಇಲ್ಲವೇ ಇಲ್ಲ, ಆ ಕೆಲಸವನ್ನು ತಲೆ ಮತ್ತು ಮುಂಗೈಗಳು ಹೊರಬೇಕು. ಉಸಿರಾಟವೂ ಅಷ್ಟೇ, ಎದೆ ಹೊಟ್ಟೆ ಉಬ್ಬಿ ಇಳಿದಾಗಲೆಲ್ಲ ಭಾರ ಚೂರು ಸರಿಯುತ್ತೆ, ದೇಹ ಅದನ್ನೂ ಸರಿದೂಗಿಸಬೇಕು. ಕೃಷ್ಣಮಾಚಾರ್ಯರು ಪ್ರತಿ ಚಲನೆಗೂ ಒಂದು ಉಸಿರನ್ನು ಕಟ್ಟಿ, ಆಸನಕ್ಕೆ ಹೋಗುವ ಮತ್ತು ಬರುವ ಮೆಟ್ಟಿಲುಗಳಿಗೆ ನಂಬರ್ ಕೊಟ್ಟರು. ಅದಕ್ಕೆ ವಿನ್ಯಾಸ ಅಂತ ಹೆಸರು. ಅವರು ಕಲಿಸಿದ್ದು ಯೋಗಶಾಸ್ತ್ರದ ಮಾತಿನಲ್ಲಿ, ನಿಜ. ಆದರೆ ಸಮತೋಲವನ್ನು ಹಂತಹಂತವಾಗಿ ಕಷ್ಟ ಮಾಡುತ್ತಾ ಹೋಗುವ ಒಂದು ಪಾಠಕ್ರಮ ಅದರೊಳಗಿದೆ.

ಆದರೆ ಜನ ಸೇರುತ್ತಿದ್ದದ್ದು ಇದಕ್ಕಲ್ಲ. ಕಾರು ತಡೆದು ನಿಲ್ಲಿಸೋದು, ಭಾರವಾದ ವಸ್ತುವನ್ನು ಹಲ್ಲಿನಲ್ಲಿ ಎತ್ತೋದು, ನಾಡಿ ನಿಲ್ಲಿಸೋದು, ಇಂಥದ್ದನ್ನೆಲ್ಲ ಅವರು ಪ್ರದರ್ಶನಗಳಲ್ಲಿ ಮಾಡುತ್ತಿದ್ದರು ಅಂತ ಅವರ ಬದುಕು ಬರೆದವರು ಹೇಳುತ್ತಾರೆ. 1935ರ ಹೊತ್ತಿಗೆ ತೆರೇಸ್ ಬ್ರಾಸ್ ಅನ್ನುವ ಫ್ರೆಂಚ್ ಹೃದ್ರೋಗ ತಜ್ಞೆ ಇಸಿಜಿ ಯಂತ್ರ ಹೊತ್ತುಕೊಂಡು ಭಾರತಕ್ಕೆ ಬಂದು ಅವರನ್ನು ಪರೀಕ್ಷಿಸಿದರು. ಹೃದಯದ ಸಿಗ್ನಲ್ ಹೆಚ್ಚುಕಡಿಮೆ ಸೊನ್ನೆಗೆ ಇಳಿದಂತೆ ಕಂಡಿತು. ಯೋಗಿ ಹೃದಯವನ್ನೇ ನಿಲ್ಲಿಸಬಲ್ಲ ಅನ್ನುವ ಸುದ್ದಿಗೆ ಅದು ಆಧಾರವಾಯಿತು. ವೆಂಗರ್, ಬಾಗ್ಚಿ, ಆನಂದ್ ಅನ್ನುವ ಮೂವರು ವಿಜ್ಞಾನಿಗಳು ಮತ್ತೆ ಪರೀಕ್ಷೆ ಮಾಡಿ 1961ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆ ಇತ್ತು. ಉಸಿರು ಬಿಗಿಹಿಡಿದು ಎದೆ ಹೊಟ್ಟೆಯ ಸ್ನಾಯು ಬಿಗಿದಾಗ ಎದೆಯೊಳಗಿನ ಒತ್ತಡ ಏರುತ್ತೆ, ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತೆ, ಕೈನಾಡಿ ಸಿಗೋದಿಲ್ಲ. ಹೃದಯ ಮಾತ್ರ ಬಡಿಯುತ್ತಲೇ ಇರುತ್ತೆ.

ಇದನ್ನು ಓದಿ ಕೆಲವರು ನಕ್ಕು ಪುಸ್ತಕ ಮುಚ್ಚಿಬಿಡಬಹುದು, ಇನ್ನು ಕೆಲವರಿಗೆ ಸಿಟ್ಟು ಬರಬಹುದು. ನನಗನ್ನಿಸೋದು ಇಷ್ಟು: ಒಂದು ಸೆನ್ಸರ್ ನಂಬಿ ದೊಡ್ಡ ಮಾತು ಹೇಳಬಾರದು ಅನ್ನೋ ಪಾಠ ಇಲ್ಲಿದೆ. ಜೊತೆಗೆ ಇನ್ನೊಂದು ಪಾಠವೂ ಇದೆ. ನೋಡಿದವರು ಬಾಯಿ ಬಿಟ್ಟ ಪವಾಡ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಯಾರೂ ಚಪ್ಪಾಳೆ ಹೊಡೆಯದ ಸಾದಾ ಕೆಲಸ, ಅಂದರೆ ಕಾಲ ಮೇಲೆ ನಿಲ್ಲೋದು, ಉಸಿರಿನ ಜೊತೆ ಬಗ್ಗೋದು, ಅದು ಉಳಿಯಿತು.

ಗುರುವಾಗಿ ಅವರು ಬಹಳ ಕಠಿಣ. 1934ರಲ್ಲಿ ಮೈಸೂರಿಗೆ ಬಂದ ನಾಮಗಿರಿಯಮ್ಮನವರ ತಮ್ಮ, ಕಾಯಿಲೆಗಳಿಂದ ಸೊರಗಿದ್ದ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್, ಭಾವನ ಹತ್ತಿರ ಪಟ್ಟ ಪಾಡನ್ನು ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಆ ಹುಡುಗನೇ ಮುಂದೆ ಪುಣೆಗೆ ಹೋಗಿ ಜಗತ್ಪ್ರಸಿದ್ಧರಾದರು. ನಿಲ್ಲುವ ಆಸನಗಳಲ್ಲಿ ಪಾದ ಎಲ್ಲಿ, ಮಂಡಿ ಎಲ್ಲಿ ಅಂತ ಇಂಚಿಂಚು ಲೆಕ್ಕ ಹಾಕುವ ಪದ್ಧತಿ ಅವರದು. 1937ರ ಹೊತ್ತಿಗೆ ರೀಗಾದಲ್ಲಿ ಹುಟ್ಟಿದ ಯೂರೋಪಿನ ಒಬ್ಬ ಮಹಿಳೆ ಕಲಿಯೋಕೆ ಬಂದಾಗ ಆಚಾರ್ಯರು ಆಗಲ್ಲ ಅಂದುಬಿಟ್ಟರು. ಹೆಂಗಸು, ಅದರಲ್ಲೂ ವಿದೇಶಿ. ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಬೇಸತ್ತು ಹೋಗಲಿ ಅನ್ನುವಷ್ಟು ಬಿಗಿ ನಿಯಮ ಹಾಕಿದರೂ ಆಕೆ ಹೋಗಲಿಲ್ಲ. ಕೊನೆಗೆ ನೀನೂ ಹೋಗಿ ಕಲಿಸು ಅಂತ ಅವರೇ ಹೇಳಿ ಕಳಿಸಿದರು. ಇಂದ್ರಾ ದೇವಿ ಅನ್ನುವ ಹೆಸರಲ್ಲಿ ಆಕೆ ಶಾಂಘೈನಲ್ಲಿ, ಆಮೇಲೆ ಹಾಲಿವುಡ್‌ನಲ್ಲಿ ಯೋಗ ಕಲಿಸಿದರು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಮನುಷ್ಯ, ದೊಡ್ಡ ಸಂಸಾರ, ಕೈಯಲ್ಲಿ ಕೆಲಸವಿಲ್ಲ. ನಮ್ಮ ಬೆಂಗಳೂರಿನಲ್ಲಿ ಸ್ವಲ್ಪ ಕಾಲ ಇದ್ದರು. ಪಾರ್ಶ್ವವಾಯು ಬಡಿದಿದ್ದ ಒಬ್ಬ ಹೆಸರಾಂತ ನ್ಯಾಯವಾದಿ ಕರೆಸಿಕೊಂಡದ್ದರಿಂದ 1952ರಲ್ಲಿ ಮದ್ರಾಸಿಗೆ ಹೋದರು. ಅಲ್ಲಿ ಅವರ ಕಲಿಸುವ ರೀತಿ ಬದಲಾಯಿತು. ಮೈಸೂರಿನಲ್ಲಿ ಹುಡುಗರ ಗುಂಪಿಗೆ ಒಂದೇ ವೇಗದ ಪಾಠ. ಮದ್ರಾಸಿನಲ್ಲಿ ಒಬ್ಬರಿಗೆ ಒಂದು ಪಾಠ. ಮೊದಲು ನಾಡಿ ಹಿಡಿದು, ಉಸಿರು ನೋಡಿ, ವಯಸ್ಸು ಕಾಯಿಲೆ ಕೇಳಿ, ಆಮೇಲೆ ಆಸನ. ದೇಹಕ್ಕೆ ಆಸನವನ್ನು ಹೊಂದಿಸಬೇಕು, ಆಸನಕ್ಕೆ ದೇಹವನ್ನಲ್ಲ ಅನ್ನುವ ನಿಲುವಿಗೆ ಬಂದರು. ಒಂದು ಸಿಸ್ಟಮ್‌ಗೆ ಹೊಂದಿದ ಗೇನ್ ಇನ್ನೊಂದಕ್ಕೆ ಹಾಕಿದರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ವಾ, ಹಾಗೆ.

ಇನ್ನು ನಮ್ಮವರದೇ ಒಂದು ಕತೆ. ಅವರ ಮಗ ದೇಶಿಕಾಚಾರ್ ಇಂಜಿನಿಯರ್. ಡಿಗ್ರಿ ಮುಗಿಸಿ, ಕೆಲಸವನ್ನೂ ಗೊತ್ತುಮಾಡಿಕೊಂಡು, 1960ರ ದಶಕದ ಆರಂಭದಲ್ಲಿ ಮದ್ರಾಸಿನ ಮನೆಗೆ ಬಂದಿದ್ದರು. ಒಂದು ದಿನ ಮನೆ ಮುಂದೆ ಕಾರು ನಿಂತಿತು. ಇಳಿದು ಬಂದ ವಿದೇಶಿ ಮಹಿಳೆ ಖುಷಿಯಿಂದ ಅಪ್ಪನನ್ನು ತಬ್ಬಿಕೊಂಡುಬಿಟ್ಟರು. ಎಷ್ಟೋ ಕಾಲದಿಂದ ಇಲ್ಲದ ನಿದ್ದೆ ಆಕೆಗೆ ಹಿಂದಿನ ರಾತ್ರಿ ಬಂದಿತ್ತು. ಅಂಥ ಮಡಿವಂತ ಅಪ್ಪನಲ್ಲಿ ಏನಿದೆ ಅಂತ ಮಗನಿಗೆ ಆವತ್ತು ಹೊಳೆಯಿತು. ಕೆಲಸ ಬಿಟ್ಟು ಅಪ್ಪನಿಗೇ ಶಿಷ್ಯರಾದರು. 1976ರಲ್ಲಿ ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಕಟ್ಟಿದ್ದು ಈ ಇಂಜಿನಿಯರೇ.

ನಮ್ಮ ಏರಿಯಾದಿಂದ ಡೇರಿ ಸರ್ಕಲ್ ಕಡೆ ಹೊರಟರೆ ಸಿಗೋದು ನಿಮ್ಹಾನ್ಸ್. ಪಾರ್ಶ್ವವಾಯು, ಪಾರ್ಕಿನ್ಸನ್, ಕಿರುಮೆದುಳಿನ ತೊಂದರೆ ಅಂತ ದೂರದೂರಿಂದ ಬಂದವರು ಮಕ್ಕಳ ಹೆಗಲು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾ ಗೇಟು ದಾಟುತ್ತಾರೆ. ನರರೋಗದ ವೈದ್ಯರು ಮಾಡುವ ಒಂದು ಹಳೆಯ ಪರೀಕ್ಷೆ ಇದೆ, ರಾಂಬರ್ಗ್ ಪರೀಕ್ಷೆ. ಪಾದ ಜೋಡಿಸಿ ನಿಲ್ಲಿ, ಕಣ್ಣು ಮುಚ್ಚಿ, ಅಷ್ಟೇ. ಕಣ್ಣು ತೆರೆದಾಗ ನಿಂತವರು ಮುಚ್ಚಿದ ಕೂಡಲೇ ವಾಲಿದರೆ, ಕಾಲಿನಿಂದಲೋ ಒಳಕಿವಿಯಿಂದಲೋ ಬರಬೇಕಾದ ಸುದ್ದಿ ಸರಿಯಾಗಿ ಬರುತ್ತಿಲ್ಲ ಅಂತ ಸುಳಿವು. ನಾವು ದಿನಾ ಲೆಕ್ಕಕ್ಕೇ ಹಿಡಿಯದೆ ಮಾಡುವ ಕೆಲಸ ಅಲ್ಲಿ ಒಂದು ಮನೆಯ ಇಡೀ ಆಸೆಯಾಗಿರುತ್ತೆ. ನಿಮ್ಹಾನ್ಸ್‌ನಲ್ಲಿ ಇವತ್ತು ಔಷಧಿಯ ಜೊತೆ ಯೋಗವನ್ನೂ ಪರೀಕ್ಷಿಸಿ ಬಳಸುವ ವಿಭಾಗವೇ ಇದೆ. ನಂಬಿಕೆಗಿಂತ ಅಳತೆ ಮುಖ್ಯ ಅನ್ನುವ ದಾರಿ ಅದು, ಸರಿಯಾದ ದಾರಿ.

ವಯಸ್ಸಾದಂತೆ ಮೂರೂ ಸೆನ್ಸರ್‌ಗಳು ಮಂಕಾಗುತ್ತವೆ, ಸ್ನಾಯು ಸೊರಗುತ್ತವೆ, ಮೂಳೆ ಹಗುರಾಗುತ್ತೆ. ಆಚಾರ್ಯರೂ ಇದಕ್ಕೆ ಹೊರತಾಗಲಿಲ್ಲ. 96ನೇ ವಯಸ್ಸಿನಲ್ಲಿ ಅವರ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಬೇಡ ಅಂದರು. ಬದಲಿಗೆ ಹಾಸಿಗೆಯಲ್ಲಿ ಮಲಗಿಕೊಂಡೇ ಮಾಡಬಹುದಾದ ಒಂದು ಅಭ್ಯಾಸಕ್ರಮವನ್ನು ತಮಗೆ ತಾವೇ ರೂಪಿಸಿಕೊಂಡು ದಿನಾ ಮಾಡಿದರು. ಇದನ್ನು ಎಲ್ಲರೂ ಅನುಸರಿಸಿ ಅಂತ ನಾನು ಹೇಳುತ್ತಿಲ್ಲ, ಅಜ್ಜಿಗೆ ಸೊಂಟ ಮುರಿದರೆ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಆದರೆ ಅರಮನೆಯ ಅಂಗಳದಲ್ಲಿ ಜನರ ಮುಂದೆ ಶೀರ್ಷಾಸನ ಹಾಕಿದ ಮನುಷ್ಯ, ಯಾರೂ ನೋಡದ ಕೋಣೆಯಲ್ಲಿ ಕಾಲು ಒಂದಿಷ್ಟು ಎತ್ತೋದನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿದರು.

1988ರಲ್ಲಿ ನೂರು ತುಂಬಿತು. 28 ಫೆಬ್ರವರಿ 1989ರಂದು ಮದ್ರಾಸಿನಲ್ಲಿ ತೀರಿಕೊಂಡರು. ಅಮೆರಿಕ, ಯೂರೋಪುಗಳನ್ನು ಅವರು ನೋಡಲೇ ಇಲ್ಲ, ಅವರ ಪಾಠ ಹೋಯಿತು. 1938ರಲ್ಲಿ ತೆಗೆದ ಅವರ ಮೂಕಿ ಚಿತ್ರ ಇವತ್ತೂ ಯೂಟ್ಯೂಬಿನಲ್ಲಿ ಸಿಗುತ್ತೆ. ಐವತ್ತರ ಹತ್ತಿರದ ಮನುಷ್ಯ, ಕಪ್ಪುಬಿಳುಪು, ಶಬ್ದವಿಲ್ಲ. ಇಂಟರ್ನಲ್ಸ್‌ಗೆ ಓದಿ ಓದಿ ಬೆನ್ನು ಗೂನಾದಾಗ ಒಮ್ಮೆ ಹಾಕಿ ನೋಡಿ. ಅವರ ಕಣಕಾಲನ್ನು ಗಮನಿಸಿ. ಕಲ್ಲಿನಂತೆ ನಿಂತಿದ್ದಾರೆ ಅನಿಸುವಾಗಲೂ ಅಲ್ಲಿ ಸ್ನಾಯುಗಳು ಬಿಡುವಿಲ್ಲದೆ ಕೆಲಸ ಮಾಡುತ್ತಿರುತ್ತವೆ.