ಗಂಜಾಮಿನ ಹಳೇ ಮನೆ, ದೊಡ್ಡ ಸ್ವಾಮಿಯ ಕಥೆ

ಹೆಡತಲೆಗೆ ಯಾರೇ ಬರಲಿ, ಲಕ್ಷ್ಮೀಕಾಂತನ ಗುಡಿ ತೋರಿಸಿ, ಹದಿನಾರು ಮುಖದ ಚಾವಡಿಯ ಅಳಿಯಂದಿರ ಕಥೆ ಹೇಳದೆ ಊರವರು ಬಿಡುವುದಿಲ್ಲ. ಅದೇ ಹೆಡತಲೆಯವರು ನಂಜನಗೂಡು ಬಸ್ಸು ಹತ್ತಿ, ಮೈಸೂರಲ್ಲಿ ಇಳಿದು, ಶ್ರೀರಂಗಪಟ್ಟಣಕ್ಕೆ ಹೋದರೆ ದರಿಯಾ ದೌಲತ್ ನೋಡ್ತಾರೆ, ಗುಂಬಜ್ ನೋಡ್ತಾರೆ, ಗಂಜಾಮಿನಲ್ಲಿ ನಿಮಿಷಾಂಬೆಗೆ ಕೈಮುಗಿದು ವಾಪಸ್ ಬಸ್ಸು ಹಿಡೀತಾರೆ. ಅದೇ ಗಂಜಾಮಿನಲ್ಲಿ 1800ರಲ್ಲಿ ಕಟ್ಟಿದ ಕಥೋಲಿಕ ಚರ್ಚು ಒಂದುಂಟು. ಅದರ ಮಗ್ಗುಲ ಮನೆಯಲ್ಲಿದ್ದ ಮನುಷ್ಯನ ಕಥೆ ಕೇಳುವವರು ಮಾತ್ರ ಕಮ್ಮಿ.

ಹೆಸರು ಝಾನ್ ಅಂತ್ವಾನ್ ದ್ಯುಬ್ವಾ. ನಮ್ಮವರ ಬಾಯಲ್ಲಿ ಅಬ್ಬೆ ದುಬಾಯ್. ಜನ ಕರೆದದ್ದು ದೊಡ್ಡ ಸ್ವಾಮಿಗಳು ಅಂತ. ಫ್ರಾನ್ಸಿನ ದಕ್ಷಿಣ ಸೀಮೆಯ ಸಣ್ಣ ಹಳ್ಳಿಯವರು. 1792ರಲ್ಲಿ ಪಾದ್ರಿ ದೀಕ್ಷೆ ಆಯಿತು. ಅಲ್ಲಿ ಆಗ ಮಹಾಕ್ರಾಂತಿಯ ಗಲಾಟೆ, ಪಾದ್ರಿಗಳ ತಲೆಗೇ ಕುತ್ತು. ಅದೇ ವರ್ಷ ಹಡಗು ಹತ್ತಿ ಪುದುಚೇರಿಗೆ ಬಂದಿಳಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ, ಕಾರುಬಾರು ಪೂರ್ಣಯ್ಯನವರ ಕೈಗೆ ಬಂತು. 1784ರಲ್ಲಿ ಕೆನರಾ ಕಡೆಯಿಂದ ಸೆರೆ ಹಿಡಿದು ತಂದಿದ್ದ ಕ್ರೈಸ್ತರಲ್ಲಿ ಬದುಕುಳಿದವರಿಗೆ ದಿಕ್ಕಿರಲಿಲ್ಲ. ಬಲವಂತದಿಂದ ಮತ ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳಲು ಒಬ್ಬ ಪಾದ್ರಿ ಬೇಕಾಗಿತ್ತು. ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಮಾತಿನ ಮೇಲೆ ದುಬಾಯ್ ಬಂದರು ಅನ್ನುತ್ತಾರೆ. ತಮಾಷೆ ನೋಡಿ, ಆಗ ಇಂಗ್ಲಿಷರಿಗೂ ಫ್ರೆಂಚರಿಗೂ ಹಾವು ಮುಂಗುಸಿ ಸಂಬಂಧ!

ಬಂದ ಪಾದ್ರಿ ದೊರೆಗಳ ಹಾಗೆ ಇರಲಿಲ್ಲ. ನಿಲುವಂಗಿ, ತಲೆಗೆ ರುಮಾಲು, ಊಟ ಉಡುಪು ಎಲ್ಲ ಈ ನಾಡಿನವರ ಹಾಗೆ. ಊರೂರು ತಿರುಗಿದರು. ನೆಲೆ ತಪ್ಪಿದ ಕುಟುಂಬಗಳಿಗೆ ಹಾಸನ ಸೀಮೆಯಲ್ಲಿ ಬೇಸಾಯದ ಆಸರೆ ಮಾಡಿಕೊಟ್ಟರು. 1823ರಲ್ಲಿ ದೇಶ ಬಿಡುವ ತನಕ ಗಂಜಾಮಿನ ಮನೆಯೇ ಅವರ ಠಾಣೆ.

ಆ ಮನೆಯ ದೊಡ್ಡ ಕೆಲಸ ಯಾವುದು ಅಂತ ಓದಿದವರನ್ನು ಕೇಳಿದರೆ ಪುಸ್ತಕ ಅಂತಾರೆ. ಅದಿರಲಿ, ಮೊದಲು ಮೈಲಿ ಹಾಕಿದ ವಿಚಾರ ನೋಡೋಣ.

ಸಿಡುಬು ಅಂದರೆ ಆಗ ಊರಿಗೆ ಊರೇ ನಡುಗುವ ಕಾಲ. ಮನೆಗೆ ಅಮ್ಮ ಬಂದಿದ್ದಾಳೆ ಅಂತ ಬೇವಿನ ಸೊಪ್ಪು ಕಟ್ಟಿ, ಕೈಮುಗಿದು ಕೂರುವುದೇ ಉಪಾಯ. ಬದುಕಿದರೂ ಕೆಲವರಿಗೆ ಕಣ್ಣಿಲ್ಲ. ಇಂಗ್ಲೆಂಡಿನ ಜೆನ್ನರ್ ಹಸುವಿನ ಸಿಡುಬಿನ ರಸದಿಂದ ಮೈಲಿ ಹಾಕುವುದನ್ನು 1796ರಲ್ಲಿ ಮಾಡಿ ತೋರಿಸಿದ್ದ. 1802ರ ಜೂನ್‌ನಲ್ಲಿ ಅದು ಮುಂಬಯಿ ಮುಟ್ಟಿತು. ಐಸ್ ಪೆಟ್ಟಿಗೆ ಇಲ್ಲದ ಕಾಲ. ಒಂದು ಮಗುವಿನ ತೋಳಿಗೆ ಹಾಕಿ, ವಾರದ ಮೇಲೆ ಅಲ್ಲೆದ್ದ ಗುಳ್ಳೆಯ ಕೀವು ತೆಗೆದು ಇನ್ನೊಂದು ಮಗುವಿಗೆ, ಅಲ್ಲಿಂದ ಮತ್ತೊಂದಕ್ಕೆ. ಹೀಗೆ ತೋಳಿಂದ ತೋಳಿಗೆ ಸಾಗಬೇಕು. ಒಂದು ಕಡೆ ಸರಪಳಿ ಕಡಿದರೆ ಮತ್ತೆ ದೂರದೂರಿಂದ ತರಿಸಬೇಕು. ಅನ್ಯಜಾತಿಯವನ ಮೈಯ ಕೀವನ್ನು ನಮ್ಮ ಮಗುವಿನ ಮೈಗೆ ಹಾಕುವುದೆ? ಅಮ್ಮ ಮುನಿದರೆ? ಜನ ಹೆದರದೆ ಇರುತ್ತಾರೆಯೆ?

ಅಂಥದ್ದರಲ್ಲಿ 1803-04ರಲ್ಲಿ ದುಬಾಯ್ ಲೆಕ್ಕಕ್ಕೆ ಬಂದ ಮೈಲಿ 25,432. ಇವತ್ತು ಜೀಪು, ನರ್ಸಮ್ಮ, ಮೈಕು ಎಲ್ಲ ಇದ್ದೂ ಇಂಥ ಲೆಕ್ಕ ತುಂಬಿಸುವುದು ಕಷ್ಟ. ಅರಮನೆಯೂ ಬೆನ್ನಿಗೆ ನಿಂತಿತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರವೊಂದಿದೆ. ಅದರಲ್ಲಿ ರಾಣಿ ತೋಳು ತೋರಿಸುತ್ತಿರುವುದು ಮೈಲಿ ಹಾಕಿಸಿಕೊಂಡದ್ದನ್ನು ಸಾರಲಿಕ್ಕೇ ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಅದೇ ಹಿಕಿ 1820ರಲ್ಲಿ ದುಬಾಯ್ ಚಿತ್ರವನ್ನೂ ಬರೆದ.

ಈಗ ಪುಸ್ತಕ. ಹಿಂದೂಗಳ ಆಚಾರ ವಿಚಾರ, ಮದುವೆ ಮುಂಜಿ, ಜಾತಿ ಕಟ್ಟಳೆ ಎಲ್ಲ ಬರೆದಿಟ್ಟ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸಿಗೆ ಕಳಿಸಿದ. ಗವರ್ನರ್ ಬೆಂಟಿಂಕ್ ಕಾಲದಲ್ಲಿ ಕಂಪನಿ 2,000 ವರಹಕ್ಕೆ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂದು, ಈ ದೇಶಕ್ಕೆ ಬರುವ ದೊರೆಗಳಿಗೆಲ್ಲ ಕೈಪಿಡಿಯಾಯಿತು. ಪಂಚಾಂಗ ನೋಡುವ ಹಾಗೆ ಅದನ್ನು ನೋಡಿ ನಮ್ಮನ್ನು ಅಳೆದರು.

ಗುಟ್ಟು ಹೊರಬಿದ್ದದ್ದು ತೀರಾ ಈಚೆಗೆ. ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಆ ಹಸ್ತಪ್ರತಿಯ ಬಹುಭಾಗ ಕೂರ್ದು ಎಂಬ ಜೆಸುಯಿಟ್ ಪಾದ್ರಿಯ ಬರಹ. ದುಬಾಯ್ ಈ ದೇಶಕ್ಕೆ ಕಾಲಿಡುವ ಮುಂಚೆಯೇ ಕೂರ್ದು ತೀರಿಕೊಂಡಿದ್ದರು. ಹೆಸರು ಹೇಳದೆ ಬಳಸಿಕೊಂಡದ್ದು ತಪ್ಪೇ ಸರಿ. ಆಮೇಲೆ ದುಬಾಯ್ ಅದನ್ನು ತಿದ್ದಿ ಬೆಳೆಸಿದರೆಂಬುದೂ ನಿಜ. 1825ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಫ್ರೆಂಚ್ ಪ್ರತಿ ಮೊದಲಿನದಕ್ಕಿಂತ ಬಹಳ ದೊಡ್ಡದು. ಆದರೂ ಕೀರ್ತಿ ತಂದ ಪುಸ್ತಕದ ಬುಡ ಇನ್ನೊಬ್ಬರದು. ಸ್ವಂತ ಕೈಯಿಂದ ಮಾಡಿದ ಮೈಲಿ ಕೆಲಸವನ್ನು ನೆನೆಯುವವರೇ ಇಲ್ಲ.

ಮೂವತ್ತು ವರ್ಷ ತಿರುಗಿದ ಮೇಲೆ ಪಾದ್ರಿಗೆ ತಮ್ಮ ಕಸುಬಿನ ಮೇಲೇ ಬೇಸರ ಬಂತು. ಈ ದೇಶದ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಅಂತ 1823ರಲ್ಲಿ ಪತ್ರಗಳ ರೂಪದಲ್ಲಿ ಅಚ್ಚು ಹಾಕಿಸಿಯೇಬಿಟ್ಟರು. ಮಿಷನರಿಗಳು ಸಿಡಿದೆದ್ದರು, ಎದುರು ಪುಸ್ತಕವೂ ಬಂತು. ದುಬಾಯ್ ಜಗ್ಗಲಿಲ್ಲ.

ಅದೇ 1823ರ ಜನವರಿಯಲ್ಲಿ, ಕಂಪನಿ ಕೊಟ್ಟ ಪಿಂಚಣಿ ಹೊತ್ತು ಹಡಗು ಹತ್ತಿದರು. ಪ್ಯಾರಿಸ್ಸಿನಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದರು, ತಮ್ಮ ಮಿಷನ್ನಿನ ಗುರುಮಠಕ್ಕೆ ಮುಖ್ಯಸ್ಥರೂ ಆದರು. ಗಂಜಾಮಿಗೆ ಮತ್ತೆ ಬರಲಿಲ್ಲ. 1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲೇ ತೀರಿಕೊಂಡರು.