ಕೆಂಟ್ ಸೀಮೆಯ ಬರ್ಥಾ ರಾಣಿ

ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆಂದು ನಮ್ಮ ಗ್ರಾಮಗಳಲ್ಲಿ ಹೇಳುವದುಂಟು. ನೆರೆಯೂರಿಗೆ ಮಗಳನ್ನು ಕಳುಹಿಸುವಾಗಲೂ ತಾಯಿಯ ಕಣ್ಣು ತುಂಬುತ್ತದೆ. ಹೀಗಿರಲಾಗಿ, ಕಡಲನ್ನು ದಾಟಿ, ಮಾತು ಬೇರೆ, ಆಚಾರ ಬೇರೆ, ಆರಾಧನೆಯೂ ಬೇರೆಯಾದ ಮನೆಗೆ ಸೊಸೆಯಾಗಿ ಹೋದವಳ ಪಾಡು ಎಂಥದು? ಸುಮಾರು 1400 ವರುಷಗಳ ಹಿಂದೆ ಇದ್ದ ಬರ್ಥಾ ರಾಣಿಯ ಚರಿತ್ರೆಯು ಇದಕ್ಕೆ ಉತ್ತರ ಕೊಡುತ್ತದೆ.

ಈಗಿನ ಫ್ರಾನ್ಸ್ ದೇಶವನ್ನು ಆ ಕಾಲದಲ್ಲಿ ಫ್ರಾಂಕರೆಂಬ ಜನಾಂಗದವರು ಆಳುತ್ತಿದ್ದರು. ಬರ್ಥಳು ಅವರ ರಾಜವಂಶದಲ್ಲಿ ಹುಟ್ಟಿದಳು. ಅವಳ ಮುತ್ತಜ್ಜನಾದ ಕ್ಲೋವಿಸನು ಸ್ನಾನಹೊಂದಿದಂದಿನಿಂದ ಆ ವಂಶವು ಕ್ರೈಸ್ತವಂಶವೆನಿಸಿಕೊಂಡಿತ್ತು. ಆದರೆ ಹೆಸರು ಒಂದು, ನಡತೆ ಇನ್ನೊಂದು. ಅವಳ ತಂದೆಯಾದ ಖಾರಿಬರ್ಟ್ ರಾಜನು ಧರ್ಮಪತ್ನಿಯಾದ ಇಂಗೊಬರ್ಗಳನ್ನು ತೊರೆದುಬಿಟ್ಟು ಬೇರೆ ಸ್ತ್ರೀಯರನ್ನು ಕೂಡಿಕೊಂಡದ್ದರಿಂದ ಪ್ಯಾರಿಸಿನ ಬಿಷಪನು ಅವನನ್ನು ಸಭೆಯಿಂದ ಹೊರಗೆ ಹಾಕಿದನು. ಅವನು 567ರಲ್ಲಿ ಸತ್ತನು. ತಾಯಿಯಾದರೋ ದೈವಭಕ್ತಳಾಗಿ ಬಾಳಿ, 589ರಲ್ಲಿ ಸುಮಾರು ಎಪ್ಪತ್ತನೆಯ ಪ್ರಾಯದಲ್ಲಿ ತೀರಿಹೋದಳು. ಸಾಯುವ ಮುಂಚೆ ತನ್ನ ದಾಸರಲ್ಲಿ ಅನೇಕರಿಗೆ ಬಿಡುಗಡೆಯ ಪತ್ರಗಳನ್ನು ಬರೆಯಿಸಿದಳು. ಇಂಥ ತಾಯಿಯ ಏಕಪುತ್ರಿಯು ಬರ್ಥಳು.

ನಡುವಣ ಕಡಲಿನ ಆಚೆಗೆ, ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ ಕೆಂಟ್ ಎಂಬ ಸಣ್ಣ ರಾಜ್ಯವಿತ್ತು. ಅಲ್ಲಿಯ ಆಂಗ್ಲ ಜನರು ವೋಡನ್ ಮೊದಲಾದ ದೇವತೆಗಳನ್ನು ಪೂಜಿಸುತ್ತಿದ್ದರು. ಆ ರಾಜ್ಯದ ಎಥೆಲ್ಬರ್ಟನಿಗೆ ಬರ್ಥಳನ್ನು ಧಾರೆಯೆರೆದು ಕೊಡುವದೆಂದು ನಿಶ್ಚಯವಾಯಿತು. ಹೆಣ್ಣಿನ ಕಡೆಯವರು ಮದುವೆಗೆ ಮುಂಚೆಯೇ ಒಂದು ಒಡಂಬಡಿಕೆಯನ್ನು ಮಾಡಿಕೊಂಡರು. ಅದೇನೆಂದರೆ, ಅವಳು ತನ್ನ ನಂಬಿಕೆಯನ್ನೂ ಆರಾಧನೆಯನ್ನೂ ಯಾವ ಅಡ್ಡಿಯೂ ಇಲ್ಲದೆ ನಡಿಸಿಕೊಂಡು ಹೋಗಬೇಕು. ಅವಳಿಗೆ ಸಹಾಯಕನಾಗಿ ಲಿಯುಧಾರ್ಡ್ ಎಂಬ ಬಿಷಪನು ಜೊತೆಯಲ್ಲಿರಬೇಕು. ಅನ್ಯದೇವತೆಗಳನ್ನು ಪೂಜಿಸುತ್ತಿದ್ದ ಎಥೆಲ್ಬರ್ಟನು ಇದಕ್ಕೆ ಒಪ್ಪಿ, ಕೊಟ್ಟ ಮಾತನ್ನು ಕಾಪಾಡಿದನು. ಕ್ರೈಸ್ತನೆನಿಸಿಕೊಂಡ ತಂದೆಯು ಮುರಿದ ವಿವಾಹಧರ್ಮವನ್ನೂ ಕ್ರಿಸ್ತನನ್ನು ಅರಿಯದ ಅಳಿಯನು ಉಳಿಸಿಕೊಂಡ ಮಾತನ್ನೂ ನಾವು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ತಲೆತಗ್ಗಿಸಬೇಕಾಗುತ್ತದೆ.

ಕ್ಯಾಂಟರ್ಬರಿ ಪಟ್ಟಣದ ಹೊರಗೆ ಪೂರ್ವದಿಕ್ಕಿನಲ್ಲಿ ರೋಮನರ ಕಾಲದ ಒಂದು ಹಳೇ ಕಟ್ಟಡವಿತ್ತು. ಬರ್ಥಳಿಗೆ ಅದೇ ದೇವಾಲಯವಾಯಿತು. ಅದು ಮಾರ್ಟೀನನೆಂಬ ಪೂರ್ವಕಾಲದ ಬಿಷಪನ ಹೆಸರನ್ನು ಹೊಂದಿದೆ. ಅಲ್ಲಿಗೆ ಹೋಗಿ ರಾಣಿಯು ಪ್ರಾರ್ಥಿಸುತ್ತಿದ್ದಳು. ಅವಳ ಮದುವೆಯು 589ಕ್ಕೆ ಮುಂಚೆಯೇ ಆಗಿತ್ತು. ರೋಮಿನಿಂದ ಬೋಧಕರು ಬಂದದ್ದು 597ರಲ್ಲಿ. ಆದುದರಿಂದ ಎಂಟು ವರುಷಗಳಿಗೆ ಕಡಿಮೆಯಿಲ್ಲದೆ ಅವಳು ಆ ಚಿಕ್ಕ ಗುಡಿಯಲ್ಲಿ ತನ್ನ ಕೆಲವೇ ಮಂದಿಯೊಡನೆ ಮೊಣಕಾಲೂರಿದಳೆಂದು ತಿಳಿಯಬೇಕು. ಆ ವರುಷಗಳಲ್ಲಿ ಆಂಗ್ಲರಲ್ಲಿ ಒಬ್ಬನಾದರೂ ನಂಬಿದನೆಂದು ಯಾವ ಚರಿತ್ರೆಯೂ ಹೇಳುವದಿಲ್ಲ. ಅರಮನೆಯಲ್ಲಿ ಹಬ್ಬಗಳು ವೋಡನನಿಗೆ ನಡೆದವು. ಅವಳ ದಾರಿಯು ಗುಡಿಗೆ ನಡೆಯಿತು. ಗಂಡನೊಡನೆ ಜಗಳವಾಡಿ ಮನೆಯನ್ನು ಒಡೆದದ್ದೂ ಕೇಳಬರುವದಿಲ್ಲ; ಗಂಡನನ್ನು ಮೆಚ್ಚಿಸುವದಕ್ಕಾಗಿ ನಂಬಿಕೆಯನ್ನು ಬಿಟ್ಟದ್ದೂ ಇಲ್ಲ.

596ರಲ್ಲಿ ರೋಮಿನ ಬಿಷಪನಾದ ಗ್ರೆಗೊರಿಯು ಆಗಸ್ಟೀನನೆಂಬ ಸನ್ಯಾಸಿಯನ್ನು ಸಂಗಡಿಗರೊಂದಿಗೆ ಆಂಗ್ಲರ ಬಳಿಗೆ ಕಳುಹಿಸಿದನು. ಅವರು ಅರ್ಧದಾರಿಯಲ್ಲಿ ಭಯಪಟ್ಟು ಹಿಂದಿರುಗಬೇಕೆಂದಿದ್ದಾಗ ಗ್ರೆಗೊರಿಯು ಧೈರ್ಯ ಹೇಳಿ ಮುಂದಕ್ಕೆ ಹೋಗುವಂತೆ ಮಾಡಿದನು. ಮಾರನೆಯ ವರುಷ ಸುಮಾರು ನಾಲ್ವತ್ತು ಮಂದಿ ಕೆಂಟಿನ ಥ್ಯಾನೆಟ್ ದ್ವೀಪದಲ್ಲಿ ಇಳಿದರು. ಇವರ ದುಭಾಷಿಗಳು ಬರ್ಥಳ ತವರಿನವರಾದ ಫ್ರಾಂಕರೇ. ಮನೆಯೊಳಗೆ ಸಂಧಿಸಿದರೆ ಮಾಟಮಾಡಿಯಾರೆಂದು ಅಂಜಿದ ಅರಸನು ಬಯಲಿನಲ್ಲಿ ಕೂತು ಅವರ ಬೋಧನೆಯನ್ನು ಕೇಳಿದನು. ಬಹುಕಾಲದಿಂದ ತನ್ನ ಜನರು ನಡಿಸಿಕೊಂಡು ಬಂದದ್ದನ್ನು ಒಡನೆ ಬಿಡಲಾರೆನೆಂದನು. ಆದರೂ ಅವರಿಗೆ ಬಿಡಾರವನ್ನೂ ಆಹಾರವನ್ನೂ ಸಾರುವ ಅಪ್ಪಣೆಯನ್ನೂ ಕೊಟ್ಟನು. ಕ್ರೈಸ್ತ ಮತದ ಸುದ್ದಿಯು ಹೆಂಡತಿಯಿಂದಾಗಿ ಅವನಿಗೆ ಮೊದಲೇ ಮುಟ್ಟಿತ್ತೆಂದು, 731ರಲ್ಲಿ ಆಂಗ್ಲರ ಸಭಾಚರಿತ್ರೆಯನ್ನು ಬರೆದು ಮುಗಿಸಿದ ಬೀಡನು ತಿಳಿಸುತ್ತಾನೆ. ಆ ಬೋಧಕರು ಮೊದಲು ಕೂಡಿ ಹಾಡಿದ್ದೂ ಪ್ರಾರ್ಥಿಸಿದ್ದೂ ರಾಣಿಯ ಗುಡಿಯಲ್ಲಿಯೇ.

ಕ್ರಮೇಣ ಅರಸನು ನಂಬಿ ಸ್ನಾನಹೊಂದಿದನು. 597ರ ಕ್ರಿಸ್ಮಸ್ಸಿನಲ್ಲಿ ಆಂಗ್ಲರಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಜನರು ಸ್ನಾನಹೊಂದಿದರೆಂದು ಗ್ರೆಗೊರಿಯು ತನ್ನ ಪತ್ರದಲ್ಲಿ ತಿಳಿಸಿದ್ದಾನೆ. ಆದರೂ ಎಥೆಲ್ಬರ್ಟನು ಯಾರನ್ನೂ ಬಲಾತ್ಕರಿಸಲಿಲ್ಲ. ಕ್ರಿಸ್ತನ ಸೇವೆಯು ಸ್ವಂತ ಮನಸ್ಸಿನಿಂದ ಆಗಬೇಕೆಂದು ಅವನು ಕಲಿತಿದ್ದನು. ಹೆಂಡತಿಯನ್ನು ಬಲಾತ್ಕರಿಸದೆ ಇದ್ದವನು ಪ್ರಜೆಗಳನ್ನೂ ಬಲಾತ್ಕರಿಸಲಿಲ್ಲವೆಂಬದು ಗಮನಿಸತಕ್ಕ ಸಂಗತಿ.

601ರಲ್ಲಿ ಗ್ರೆಗೊರಿಯು ರಾಣಿಗೆ ಪತ್ರ ಬರೆದು ಅವಳನ್ನು ಹೊಗಳಿದನು. ಗಂಡನ ಮನಸ್ಸನ್ನು ಇನ್ನೂ ಮುಂಚೆಯೇ ತಿರುಗಿಸಬೇಕಾಗಿತ್ತೆಂದು ಮೆಲ್ಲನೆ ಆಕ್ಷೇಪಿಸಿದನು ಕೂಡ. ದೂರದಲ್ಲಿದ್ದವರಿಗೆ ಅದು ಸುಲಭವಾಗಿ ತೋರಿರಬಹುದು. ಪರದೇಶದ ಮನೆಯಲ್ಲಿ ಏಕಾಂಗಿಯಾಗಿ ನಂಬಿಕೆಯ ದೀಪವನ್ನು ಆರದಂತೆ ಕಾಯುವ ಪ್ರಯಾಸವನ್ನು ಆ ಮನೆಯಲ್ಲಿದ್ದವಳೇ ಬಲ್ಲಳು.

ಅವಳ ಫಲವೆಲ್ಲವೂ ಸಿಹಿಯಾಗಿರಲಿಲ್ಲ. ಅವಳು ಗಂಡನಿಗಿಂತ ಮುಂಚೆ ತೀರಿಹೋದಳು. 616ರಲ್ಲಿ ಎಥೆಲ್ಬರ್ಟನು ಸತ್ತಾಗ ಮಗನಾದ ಎಡ್ಬಾಲ್ಡನು ಸುವಾರ್ತೆಯನ್ನು ಒಪ್ಪದೆ, ತಂದೆಯ ಎರಡನೆಯ ಹೆಂಡತಿಯನ್ನೇ ತನ್ನ ಹೆಂಡತಿಯಾಗಿ ಮಾಡಿಕೊಂಡನು. ಬಳಿಕ ಅವನು ಪಶ್ಚಾತ್ತಾಪಪಟ್ಟು ಆ ಸಂಬಂಧವನ್ನು ಬಿಟ್ಟು ಸ್ನಾನಹೊಂದಿದನು; ಆದರೆ ತಾಯಿಯು ಅದನ್ನು ಕಣ್ಣಾರೆ ಕಾಣಲಿಲ್ಲ. ಮಗಳಾದ ಎಥೆಲ್ಬರ್ಗಳನ್ನು 625ರಲ್ಲಿ ಉತ್ತರದ ಅರಸನಾದ ಎಡ್ವಿನನಿಗೆ ಕೊಟ್ಟಾಗ, ಅವನೂ ಕ್ರಿಸ್ತನನ್ನು ಅರಿಯದವನಾಗಿದ್ದದರಿಂದ, ತಾಯಿಯ ಮದುವೆಯಂತೆಯೇ ಆರಾಧನೆಯ ಸ್ವಾತಂತ್ರ್ಯದ ಒಡಂಬಡಿಕೆಯಾಯಿತು. ಪೌಲೀನನೆಂಬ ಬಿಷಪನು ಜೊತೆಗೆ ಹೋದನು. 627ರ ಪುನರುತ್ಥಾನದ ಹಬ್ಬದಲ್ಲಿ ಎಡ್ವಿನನು ಯಾರ್ಕ್ ಪಟ್ಟಣದಲ್ಲಿ ಸ್ನಾನಹೊಂದಿದನು.

ಪ್ರಿಯರೇ, ಮಗಳನ್ನು ದೂರಕ್ಕೆ ಕೊಡುವ ತಂದೆತಾಯಿಗಳು ಒಡವೆಯ ತೂಕವನ್ನು ವಿಚಾರಿಸುವಷ್ಟು ಜಾಗರೂಕತೆಯಿಂದ, ಅವಳು ಅಲ್ಲಿ ಪ್ರಾರ್ಥಿಸಲು ಎಡೆಯುಂಟೋ ಎಂಬದನ್ನು ವಿಚಾರಿಸುತ್ತಾರೋ? ಬರ್ಥಳ ಕಡೆಯವರು ಅದನ್ನು ನಾಚಿಕೆಯಿಲ್ಲದೆ ಮೊದಲೇ ಕೇಳಿದರು. ಮಾತು ಕೊಟ್ಟವನು ನಡಿಸಿದನು. ಅವಳು ದೊರೆತ ಎಡೆಯನ್ನು ಬರಿದಾಗಿ ಬಿಡಲಿಲ್ಲ. ಪರಸ್ಥಳದಿಂದ ನಮ್ಮ ಮನೆಗೆ ಬಂದ ಸೊಸೆಯು ಒಬ್ಬಳೇ ಕೂತು ಪ್ರಾರ್ಥಿಸುವಾಗ ನಾವೂ ಅವಳಿಗೆ ಎಡೆಕೊಡೋಣ. ಕ್ಯಾಂಟರ್ಬರಿಯ ಆ ಚಿಕ್ಕ ಗುಡಿಯು ರೋಮನರ ಇಟ್ಟಿಗೆಗಳೊಂದಿಗೆ ಇಂದಿಗೂ ನಿಂತಿದೆ. ಅದರಲ್ಲಿ ಇಂದಿಗೂ ಆರಾಧನೆ ನಡೆಯುತ್ತದೆ.